ಔಷಧಗಳ ಮೇಲೆ ಹಸಿರು ಚುಕ್ಕೆ ಏಕಿಲ್ಲ? ಕ್ಯಾಪ್ಸೂಲ್, ಮಾತ್ರೆ, ಚುಚ್ಚುಮದ್ದು ಕುರಿತು ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಬಿಸ್ಕತ್ ಪೊಟ್ಟಣ ಕೈಗೆ ಬಂದ ಕೂಡಲೇ ತಿರುಗಿಸಿ ಹಸಿರು ಚುಕ್ಕೆ ಇದೆಯೇ ಎಂದು ನೋಡುವುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಅಭ್ಯಾಸವಾಗಿ ಹೋಗಿದೆ. ಅದೇ ಮನೆಗೆ ಮೆಡಿಕಲ್ ಶಾಪಿನಿಂದ ಬಂದ ಕ್ಯಾಪ್ಸೂಲ್ ಸ್ಟ್ರಿಪ್ಪನ್ನು ಎಷ್ಟು ತಿರುಗಿಸಿದರೂ ಹಸಿರು ಚುಕ್ಕೆಯೂ ಇಲ್ಲ, ಕಂದು ಗುರುತೂ ಇಲ್ಲ. ಹಾಗಾಗಿ ಹಲವರು ಔಷಧದಲ್ಲಿ ಅಂಥದ್ದೇನೂ ಇರಲಾರದು ಎಂದು ನಂಬಿ ನುಂಗುತ್ತಾರೆ. ಇನ್ನು ಕೆಲವರು, ಮುಖ್ಯವಾಗಿ ವ್ರತ ಹಿಡಿದ ಹಿರಿಯರು, ಯಾರೋ ಹೇಳಿದ್ದನ್ನು ಕೇಳಿ ಯಾರಿಗೂ ತಿಳಿಸದೆ ಔಷಧವನ್ನೇ ಬಿಟ್ಟುಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯ. ಬಿಟ್ಟ ವಿಷಯ ಮನೆಯವರಿಗೆ ಗೊತ್ತಾಗುವುದು ಆಸ್ಪತ್ರೆಗೆ ಸೇರಿಸಿದ ಮೇಲೆ.

ಔಷಧಗಳ ಬಗ್ಗೆ ಸರ್ಕಾರದ ನಿಯಮ ಈಗ ಹೇಗಿದೆ, ಅದು ಹಾಗೇಕೆ ಉಳಿದಿದೆ, ಆ ನಿಯಮದೊಳಗೇ ಒಂದು ಜೈನ ಕುಟುಂಬ ಏನು ಕೇಳಬಹುದು, ಯಾರನ್ನು ಕೇಳಬಹುದು ಎಂಬುದನ್ನು ಇಲ್ಲಿ ಒಟ್ಟುಗೂಡಿಸಿದೆ. ಇದನ್ನು ಓದಿ ಯಾರೂ ತಾವಾಗಿಯೇ ಔಷಧ ನಿಲ್ಲಿಸಬಾರದು, ಬದಲಿಸಲೂ ಬಾರದು. ಬದಲಾವಣೆ ಏನಿದ್ದರೂ ವೈದ್ಯರ ಮೂಲಕವೇ.

ಆಹಾರಕ್ಕೊಂದು ಕಾನೂನು, ಔಷಧಕ್ಕೊಂದು

ಆಹಾರ ಪೊಟ್ಟಣಗಳ ಮೇಲೆ ಸಸ್ಯಾಹಾರ–ಮಾಂಸಾಹಾರದ ಗುರುತು ಕಡ್ಡಾಯವಾಗಿ ಎರಡು ದಶಕ ದಾಟಿದೆ. ಈಗ ಅದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಅಧೀನದಲ್ಲಿದೆ. 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಹಾರಕ್ಕೆ ಸೇರಿಸುವ ಪ್ರತಿಯೊಂದು ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು ತಯಾರಕರು ತಿಳಿಸಬೇಕು, ಬರೀ ಸಂಕೇತ ಸಂಖ್ಯೆ ಹಾಕಿದರೆ ಸಾಲದು ಎಂದು ಹೇಳಿತು.

ಔಷಧ ಈ ಕಾನೂನಿನಡಿ ಬರುವುದಿಲ್ಲ. ಅದಕ್ಕಿರುವುದು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ ಅದರಡಿಯ 1945ರ ನಿಯಮಗಳು. ಔಷಧದ ಹೆಸರು, ಅದರಲ್ಲಿರುವ ಮುಖ್ಯ ಔಷಧಾಂಶ ಮತ್ತು ಅದರ ಪ್ರಮಾಣ, ಬ್ಯಾಚ್ ಸಂಖ್ಯೆ, ತಯಾರಿಕೆಯ ಹಾಗೂ ಅವಧಿ ಮುಗಿಯುವ ದಿನಾಂಕ, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇವು ಲೇಬಲ್ಲಿನ ಮೇಲೆ ಇರಲೇಬೇಕೆಂದು ನಿಯಮ ಹೇಳುತ್ತದೆ. ಬಳಸಿದ ಬಣ್ಣದ ಹೆಸರೂ ಇರಬೇಕು. ಶೇಕಡಾ 3ರಷ್ಟು ಅಥವಾ ಅದಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದರ ಪ್ರಮಾಣವನ್ನೂ ನಮೂದಿಸಬೇಕು. ಮದ್ಯ ವರ್ಜಿಸಿದವರಿಗೆ ಟಾನಿಕ್ ಸೀಸೆಯ ಮೇಲಿನ ಈ ಒಂದು ಸಾಲು ಬಹಳ ಉಪಕಾರಿ. ಆದರೆ ಮಾಂಸದ ಮೂಲದ ಪದಾರ್ಥ ಇದ್ದರೆ ಗುರುತು ಹಾಕಬೇಕು ಎಂಬ ಸಾಲು ಆ ನಿಯಮಗಳಲ್ಲಿ ಬಂದಿಲ್ಲ.

ಇದನ್ನು ಬದಲಿಸಲು ಒಂದು ದೊಡ್ಡ ಕಾನೂನು ಹೋರಾಟ ನಡೆದಿತ್ತು. ಓಝೈರ್ ಹುಸೇನ್ ಎಂಬುವರು ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿ, ಆಹಾರ, ಔಷಧ, ಸೌಂದರ್ಯವರ್ಧಕ ಈ ಮೂರರಲ್ಲೂ ಪ್ರಾಣಿಜನ್ಯ ಪದಾರ್ಥವಿದ್ದರೆ ಗ್ರಾಹಕನಿಗೆ ತಿಳಿಸಬೇಕೆಂದು ಕೇಳಿದರು. ಈ ಪ್ರಶ್ನೆ ಜೈನರದ್ದು ಮಾತ್ರ ಎಂದು ತಿಳಿಯುವವರು ಅರ್ಜಿದಾರರ ಹೆಸರನ್ನು ಗಮನಿಸಬೇಕು. 2002ರ ನವೆಂಬರ್‌ನಲ್ಲಿ ಹೈಕೋರ್ಟ್ ಅರ್ಜಿಯನ್ನು ಪುರಸ್ಕರಿಸಿತು. ತಾನು ಏನನ್ನು ಸೇವಿಸುತ್ತಿದ್ದೇನೆ ಎಂದು ತಿಳಿಯುವುದು ಸಂವಿಧಾನದ 19(1)(ಎ), 21 ಮತ್ತು 25ನೇ ವಿಧಿಗಳಿಂದ ಬರುವ ಹಕ್ಕು ಎಂದು ಹೇಳಿ, ಜೀವರಕ್ಷಕ ಔಷಧಗಳನ್ನು ಬಿಟ್ಟು ಉಳಿದವುಗಳ ಮೇಲೆ ಗುರುತು ಹಾಕಲು ಆದೇಶಿಸಿತು.

ಜೀವರಕ್ಷಕ ಔಷಧಗಳನ್ನು ಬಿಟ್ಟು ಎಂಬ ಆ ಮಾತನ್ನು ನೆನಪಿನಲ್ಲಿಡಬೇಕು. ತಿಳಿಯುವ ಹಕ್ಕನ್ನು ಎತ್ತಿಹಿಡಿದ ನ್ಯಾಯಾಲಯವೇ, ಪ್ರಾಣಕ್ಕೆ ಬಂದ ಹೊತ್ತಿನಲ್ಲಿ ಚುಕ್ಕೆ ನೋಡುತ್ತಾ ಕೂರಬಾರದು ಎಂದು ಕಂಡುಕೊಂಡಿತ್ತು.

ಆದೇಶದ ವಿರುದ್ಧ ಸಾಬೂನು ಮತ್ತು ಪ್ರಸಾಧನ ತಯಾರಕರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಮಾರ್ಚ್‌ನಲ್ಲಿ ಬಂದ ತೀರ್ಪು ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿತು. ಇಂಥದ್ದೇ ನಿಯಮ ಮಾಡಿ ಎಂದು ನ್ಯಾಯಾಲಯ ನಿರ್ದೇಶಿಸಲಾಗದು, ಕಾಯ್ದೆಯ ಪ್ರಕಾರ ನಿಯಮ ಮಾಡುವ ಅಧಿಕಾರ ಕೇಂದ್ರ ಸರ್ಕಾರದ್ದು ಎಂಬುದು ಅದರ ತಿರುಳು. ಅಲ್ಲಿಗೆ ಚೆಂಡು ಸರ್ಕಾರದ ಅಂಗಳಕ್ಕೆ ಬಂತು. ಕೇಂದ್ರ ಸರ್ಕಾರ ಇಂಥ ನಿಯಮಗಳನ್ನು ಮಾಡುವ ಮುನ್ನ ಔಷಧ ತಾಂತ್ರಿಕ ಸಲಹಾ ಮಂಡಳಿಯ ಅಭಿಪ್ರಾಯ ಪಡೆಯಬೇಕೆಂದು ಕಾಯ್ದೆಯ 33ನೇ ಕಲಂ ಹೇಳುತ್ತದೆ. ಆದ್ದರಿಂದ ಸಮಾಜದಿಂದ ಮನವಿ ಕೊಡುವವರು ಹೋಗಬೇಕಾದ ಬಾಗಿಲು ಕೇಂದ್ರ ಆರೋಗ್ಯ ಸಚಿವಾಲಯದ್ದು. ಜಿಲ್ಲಾಧಿಕಾರಿಗಳಿಗೆ ಕೊಟ್ಟ ಮನವಿಯೂ ಕೊನೆಗೆ ಅಲ್ಲಿಗೇ ತಲುಪಬೇಕು.

ಕ್ಯಾಪ್ಸೂಲಿನ ಹೊದಿಕೆ

ಮೂಲ ತಕರಾರು ಇಲ್ಲಿಂದಲೇ ಶುರು. ಕ್ಯಾಪ್ಸೂಲಿನ ಒಳಗಿನ ಔಷಧ ಬಹುಪಾಲು ರಾಸಾಯನಿಕವಾಗಿ ತಯಾರಾದದ್ದು. ಹೊರಗಿನ ಹೊದಿಕೆ ಮಾತ್ರ ಸಾಮಾನ್ಯವಾಗಿ ಜೆಲಟಿನ್. ದನ, ಎಮ್ಮೆಗಳ ಮೂಳೆ ಮತ್ತು ಚರ್ಮದಲ್ಲಿರುವ ಕೊಲಾಜೆನ್ ಎಂಬ ಅಂಶವನ್ನು ಸಂಸ್ಕರಿಸಿ ಜೆಲಟಿನ್ ತೆಗೆಯುತ್ತಾರೆ. ವಿದೇಶಗಳಲ್ಲಿ ಹಂದಿಯ ಚರ್ಮವೂ ಬಳಕೆಯಲ್ಲಿದೆ. ಎರಡು ತುಂಡು ಸೇರಿಸಿದ ಗಟ್ಟಿ ಕ್ಯಾಪ್ಸೂಲ್ ಇರಲಿ, ಎಣ್ಣೆ ತುಂಬಿದ ಮೆತ್ತನೆಯ ಹೊಳೆಯುವ ಕ್ಯಾಪ್ಸೂಲ್ ಇರಲಿ, ಬೇರೆ ಏನೂ ಬರೆದಿಲ್ಲವಾದರೆ ಅದು ಜೆಲಟಿನ್ ಎಂದೇ ತಿಳಿಯುವುದು ಕ್ಷೇಮ.

ಬದಲಿ ಇಲ್ಲವೆಂದಲ್ಲ. ಮರದ ತಿರುಳು ಅಥವಾ ಹತ್ತಿಯ ಸೆಲ್ಯುಲೋಸ್‌ನಿಂದ ಮಾಡುವ ಎಚ್‌ಪಿಎಂಸಿ ಹೊದಿಕೆ ಬಹಳ ವರ್ಷಗಳಿಂದ ಮಾರುಕಟ್ಟೆಯಲ್ಲಿದೆ. ಹೈಪ್ರೊಮೆಲೋಸ್ ಎಂದು ಬರೆದಿದ್ದರೂ ಅದೇ. ಭಾರತದಲ್ಲೂ ಅದು ತಯಾರಾಗುತ್ತದೆ, ಅದನ್ನು ಬಳಸಲು ಕಾನೂನಿನ ಅಡ್ಡಿಯೂ ಇಲ್ಲ. ಕೆಲವು ಕಂಪನಿಗಳು ಸ್ವಂತ ಇಚ್ಛೆಯಿಂದ ಅದನ್ನು ಬಳಸಿ 'ವೆಜ್ ಕ್ಯಾಪ್ಸೂಲ್' ಎಂದು ಮುದ್ರಿಸುತ್ತವೆ.

ಹಾಗಿದ್ದರೆ ಎಲ್ಲವನ್ನೂ ಬದಲಿಸಬಾರದೇಕೆ? 2016ರಲ್ಲಿ ಆಗಿನ ಕೇಂದ್ರ ಸಚಿವೆ ಮೇನಕಾ ಗಾಂಧಿ ಅವರು ಇದೇ ಪ್ರಸ್ತಾವವನ್ನು ಆರೋಗ್ಯ ಸಚಿವಾಲಯದ ಮುಂದಿಟ್ಟರು. ಸಚಿವಾಲಯ ಸಾರ್ವಜನಿಕರ ಹಾಗೂ ಉದ್ಯಮದ ಅಭಿಪ್ರಾಯ ಕೇಳಿತು, ಮುಂದೆ ತಜ್ಞರ ಸಮಿತಿಯೂ ನೇಮಕವಾಯಿತು. ಅಷ್ಟಾದರೂ ಕಡ್ಡಾಯ ಬದಲಾವಣೆ ನಿಯಮವಾಗಿ ಹೊರಬರಲಿಲ್ಲ.

ವಿರೋಧಿಸಿದವರ ವಾದಗಳನ್ನು ಪೂರ್ತಿ ತಳ್ಳಿಹಾಕಲಾಗದು. ಮೊದಲನೆಯದು ಬೆಲೆ. ಎಚ್‌ಪಿಎಂಸಿ ಹೊದಿಕೆಗೆ ಜೆಲಟಿನ್‌ಗಿಂತ ಎರಡು ಮೂರು ಪಟ್ಟು ಖರ್ಚು ಎಂಬುದು ಉದ್ಯಮದವರ ಲೆಕ್ಕ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿದ ಔಷಧಗಳಿಗೆ 2013ರ ಬೆಲೆ ನಿಯಂತ್ರಣ ಆದೇಶದಡಿ ಸರ್ಕಾರವೇ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಹೊದಿಕೆಯ ಖರ್ಚು ಏರಿದರೆ ಒಂದೋ ಬೆಲೆ ಏರಿಸಲು ಅನುಮತಿ ಕೊಡಬೇಕು, ಇಲ್ಲವೇ ತಯಾರಿಕೆ ಕಡಿಮೆಯಾಗುವ ಅಪಾಯ ಎದುರಿಸಬೇಕು. ಎರಡರ ಪೆಟ್ಟೂ ಬೀಳುವುದು ಬಡವರ ಮೇಲೆ.

ಎರಡನೆಯದು ತಾಂತ್ರಿಕ ಕಾರಣ. ಜೆಲಟಿನ್ ದೇಹದ ಉಷ್ಣಕ್ಕೆ ಬೇಗ ಕರಗುತ್ತದೆ, ಸೆಲ್ಯುಲೋಸ್ ಕರಗುವ ಬಗೆ ಬೇರೆ. ಹೊದಿಕೆ ಬದಲಿಸಿದರೆ ಔಷಧ ಅಷ್ಟೇ ವೇಗದಲ್ಲಿ, ಅಷ್ಟೇ ಪ್ರಮಾಣದಲ್ಲಿ ರಕ್ತ ಸೇರುತ್ತದೆಯೇ, ಎರಡು ವರ್ಷ ಇಟ್ಟರೂ ಕೆಡದೆ ಉಳಿಯುತ್ತದೆಯೇ ಎಂದು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಇನ್ನೊಂದು ಬದಿಯನ್ನೂ ಹೇಳಬೇಕು: ಸೆಲ್ಯುಲೋಸ್ ಹೊದಿಕೆಯಲ್ಲಿ ತೇವಾಂಶ ಕಡಿಮೆ. ತೇವಕ್ಕೆ ಕೆಡುವ ಔಷಧಗಳಿಗೆ ಅದೇ ಮೇಲು.

ಮಾತ್ರೆಯಾದರೆ ಸಾಕೇ?

'ಕ್ಯಾಪ್ಸೂಲ್ ಬೇಡ, ಮಾತ್ರೆ ಕೊಡಿ' ಎಂದು ಕೇಳುವುದು ನಮ್ಮಲ್ಲಿ ರೂಢಿ. ಬಹುತೇಕ ಸಂದರ್ಭಗಳಲ್ಲಿ ಅದು ಸರಿಯಾದ ದಾರಿಯೇ. ಜ್ವರದ ಪ್ಯಾರಸಿಟಮಾಲ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ರಕ್ತದೊತ್ತಡದ ಆಮ್ಲೋಡಿಪಿನ್, ಥೈರಾಯ್ಡ್‌ಗೆ ಕೊಡುವ ಲೆವೋಥೈರಾಕ್ಸಿನ್ ಇವೆಲ್ಲ ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ಔಷಧಗಳು, ಮಾತ್ರೆಯ ರೂಪದಲ್ಲೇ ಸಿಗುತ್ತವೆ. ಗ್ಯಾಸ್ಟ್ರಿಕ್‌ಗೆ ಒಮೆಪ್ರಝೋಲ್ ಕ್ಯಾಪ್ಸೂಲ್ ಬರೆದಿದ್ದರೆ ಅದೇ ಗುಂಪಿನ ಪ್ಯಾಂಟೊಪ್ರಝೋಲ್ ಮಾತ್ರೆ ಆಗಬಹುದೇ ಎಂದು ವೈದ್ಯರನ್ನು ಕೇಳಬಹುದು.

ಆದರೆ ಮಾತ್ರೆ ಎಂದ ಮಾತ್ರಕ್ಕೆ ಶುದ್ಧ ಸಸ್ಯಮೂಲ ಎಂದು ಹೇಳಲಾಗದು. ಮಂಡಿನೋವಿಗೆ ನಮ್ಮ ಹಿರಿಯರು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಗ್ಲುಕೋಸಮೈನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ. ಅದರ ಜೊತೆಗಿರುವ ಕಾಂಡ್ರಾಯ್ಟಿನ್ ಪ್ರಾಣಿಗಳ ಮೃದ್ವಸ್ಥಿಯದು. ಹೊರಗಿನ ರೂಪ ಮಾತ್ರೆಯೇ! ಇವುಗಳಿಂದ ಆಗುವ ಲಾಭದ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲದ್ದರಿಂದ, 'ಇದು ನಿಜಕ್ಕೂ ಬೇಕೇ?' ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಜೀರ್ಣಕ್ಕೆ ಕೊಡುವ ಪ್ಯಾಂಕ್ರಿಯಾಟಿನ್ ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ಒಮೇಗಾ–3 ಬಹುಪಾಲು ಮೀನೆಣ್ಣೆ. ಪಾಚಿಯಿಂದ ತೆಗೆದ ಒಮೇಗಾ–3 ಕೂಡ ಸಿಗುತ್ತದೆ, ಬೆಲೆ ಹೆಚ್ಚು.

ವಿಟಮಿನ್ ಡಿ–3 ಬಗ್ಗೆ ಪ್ರಶ್ನೆ ಪದೇ ಪದೇ ಬರುತ್ತದೆ. ಅದನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಉಣ್ಣೆ ಕತ್ತರಿಸಲು ಕುರಿಯನ್ನು ಕೊಲ್ಲಬೇಕಿಲ್ಲವಾದ್ದರಿಂದ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ವಾರಕ್ಕೊಮ್ಮೆ ಕೊಡುವ 60,000 ಯೂನಿಟ್‌ನ ಡೋಸು ಮೆತ್ತನೆಯ ಜೆಲಟಿನ್ ಕ್ಯಾಪ್ಸೂಲ್ ಮಾತ್ರವಲ್ಲದೆ ಹಾಲಿಗೆ ಬೆರೆಸುವ ಪುಡಿಯ ಸ್ಯಾಶೆಯಾಗಿಯೂ ಸಿಗುತ್ತದೆ. ಪುಡಿ ಕೇಳಿ ತೆಗೆದುಕೊಂಡರೆ ಜೆಲಟಿನ್ನಿನ ಪ್ರಶ್ನೆಯಾದರೂ ತಪ್ಪುತ್ತದೆ.

ಇನ್ನು ಸಣ್ಣ ಸೇರ್ಪಡೆಗಳು. ಮಾತ್ರೆ ಅಚ್ಚಿಗೆ ಅಂಟದಿರಲು ಹಾಕುವ ಮೆಗ್ನೀಸಿಯಂ ಸ್ಟಿಯರೇಟ್ ತಾಳೆ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಮಾತ್ರೆಯ ಮೆರುಗಿಗೆ ಅರಗು ಬಳಸುವುದುಂಟು, ಅದು ಅರಗಿನ ಹುಳುವಿನ ಸ್ರಾವ. ಔಷಧಗಳಲ್ಲಿ ಬಳಸಲು ಅನುಮತಿಯಿರುವ ಬಣ್ಣಗಳಲ್ಲಿ ಕೊಚಿನೀಲ್ ಎಂಬ ಕೆಂಪು ಕೂಡ ಇದೆ, ಅದು ಒಣಗಿಸಿದ ಕೀಟಗಳಿಂದ ತೆಗೆದದ್ದು. ಬಣ್ಣದ ಹೆಸರು ಲೇಬಲ್ಲಿನ ಮೇಲೆ ಇರಬೇಕಾದ್ದರಿಂದ ಅದನ್ನಾದರೂ ನಾವೇ ಓದಿ ತಿಳಿಯಬಹುದು.

ಆಸ್ಪತ್ರೆಯಲ್ಲಿ

ಹೃದಯಾಘಾತ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಡಯಾಲಿಸಿಸ್ ಇಲ್ಲೆಲ್ಲ ಬಳಸುವ ಹೆಪಾರಿನ್ ಚುಚ್ಚುಮದ್ದು ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ತಯಾರಾಗುತ್ತದೆ. ಎನೊಕ್ಸಪರಿನ್ ಕೂಡ ಅದರಿಂದಲೇ ಬಂದದ್ದು. ಫಾಂಡಪರಿನಕ್ಸ್‌ನಂಥ ಸಂಶ್ಲೇಷಿತ ಔಷಧಗಳು ಇದ್ದರೂ ಎಲ್ಲ ರೋಗಿಗೂ, ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ, ಮೂತ್ರಪಿಂಡ ದುರ್ಬಲವಾದವರಿಗಂತೂ ಎಚ್ಚರ ಬೇಕು. ತುರ್ತು ನಿಗಾ ಘಟಕದ ಬಾಗಿಲಲ್ಲಿ ಈ ಚರ್ಚೆ ಮಾಡಬಾರದು. ಮೊದಲೇ ಗೊತ್ತಿರುವ ಶಸ್ತ್ರಚಿಕಿತ್ಸೆಯಾದರೆ ಮಾತ್ರ, ದಾಖಲಾಗುವ ಮೊದಲು ವೈದ್ಯರ ಬಳಿ ಕುಳಿತು ಕೇಳಬಹುದು.

ಹೃದಯದ ಕವಾಟ ಬದಲಿಸುವಾಗ ಎರಡು ಬಗೆಯ ಕವಾಟಗಳ ಆಯ್ಕೆಯನ್ನು ರೋಗಿಯ ಮುಂದಿಡುತ್ತಾರೆ. ಒಂದು ಹಂದಿ ಅಥವಾ ದನದ ಅಂಗಾಂಶದ್ದು, ಇನ್ನೊಂದು ಯಾಂತ್ರಿಕ. ಯಾಂತ್ರಿಕ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಧರ್ಮದ ಕಾರಣವೂ ಆಯ್ಕೆಯಲ್ಲಿ ಒಂದು ಅಂಶ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿದರೆ ಅವರು ಪರಿಗಣಿಸುತ್ತಾರೆ. ಹೊಲಿಗೆ ದಾರದ ವಿಷಯ ಇದಕ್ಕಿಂತ ಸುಲಭ: ಪ್ರಾಣಿಯ ಕರುಳಿನಿಂದ ಮಾಡುವ ಕ್ಯಾಟ್‌ಗಟ್ ಬದಲು ತಾನಾಗಿ ಕರಗುವ ಸಂಶ್ಲೇಷಿತ ದಾರ ಧಾರಾಳವಾಗಿ ಸಿಗುತ್ತದೆ. ಹಲ್ಲಿನ ಇಂಪ್ಲಾಂಟ್ ಮಾಡಿಸುವವರು ಮೂಳೆ ತುಂಬಲು ಯಾವ ಪುಡಿ ಬಳಸುತ್ತಾರೆಂದು ಕೇಳಿಕೊಳ್ಳಬೇಕು. ದನದ ಮೂಳೆಯ ಪುಡಿ ಬಹಳ ಬಳಕೆಯಲ್ಲಿದೆ.

ಇನ್ಸುಲಿನ್ ಬಗ್ಗೆ ಇನ್ನೂ ಹಲವರಿಗೆ ಹಳೆಯ ಅಳುಕಿದೆ. ಒಂದು ಕಾಲಕ್ಕೆ ಅದನ್ನು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು, ನಿಜ. 1982ರಲ್ಲಿ ಅಮೆರಿಕದಲ್ಲಿ ಮೊದಲ ಮಾನವ ಇನ್ಸುಲಿನ್ ಅನುಮೋದನೆ ಪಡೆದ ಮೇಲೆ ಸ್ಥಿತಿ ಬದಲಾಯಿತು. ಸೂಕ್ಷ್ಮಜೀವಿಗಳಲ್ಲಿ ಜೈವಿಕ ತಂತ್ರಜ್ಞಾನದಿಂದ ಬೆಳೆಸುವ ಈ ಇನ್ಸುಲಿನ್ ಅನ್ನು ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಇಂದು ವೈದ್ಯರು ಬರೆಯುವ ಇನ್ಸುಲಿನ್ ಈ ಬಗೆಯದು. ಹಳೆಯ ಮಾತು ಕೇಳಿ ಇನ್ಸುಲಿನ್ ಬೇಡ ಎನ್ನುವ ಹಿರಿಯರಿದ್ದರೆ ಇದನ್ನು ಓದಿ ಹೇಳಿ.

ರೇಬಿಸ್ ಲಸಿಕೆಯದೂ ಇದೇ ಕಥೆ. ಹೊಟ್ಟೆಯ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡ ನೆನಪು ಅರವತ್ತು ದಾಟಿದ ಅನೇಕರಿಗಿದೆ. ಆ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. 2004ರ ಕೊನೆಗೆ ದೇಶದಲ್ಲಿ ಅದರ ಉತ್ಪಾದನೆ ನಿಂತಿತು. ಈಗಿನದು ಕೋಶ ಕೃಷಿಯ ಲಸಿಕೆ, ಚುಚ್ಚುವುದೂ ತೋಳಿಗೆ. ಮಕ್ಕಳ ಕೆಲವು ಲಸಿಕೆಗಳಲ್ಲಿ ಕೆಡದಂತೆ ಇಡಲು ಅಲ್ಪ ಜೆಲಟಿನ್ ಬಳಸುವುದುಂಟು, ಫ್ಲೂ ಲಸಿಕೆಗಳಲ್ಲಿ ಹಲವನ್ನು ಮೊಟ್ಟೆಯಲ್ಲಿ ಬೆಳೆಸುತ್ತಾರೆ. ಆದರೂ ಲಸಿಕೆ ತಪ್ಪಿಸುವುದು ತನ್ನ ಮಗುವಿನ ಜೊತೆಗೆ ನೆರೆಮನೆಯ ಮಗುವನ್ನೂ ಅಪಾಯಕ್ಕೆ ಒಡ್ಡುವ ಕೆಲಸ. ಅಹಿಂಸೆಯ ಲೆಕ್ಕದಲ್ಲಿ ಅದೂ ಸೇರಬೇಕು ಎಂಬುದು ಈ ಲೇಖಕರ ಅಭಿಪ್ರಾಯ.

ಆಯುರ್ವೇದವಾದರೆ ನಿಶ್ಚಿಂತೆಯೇ?

'ಇಂಗ್ಲಿಷ್ ಮದ್ದು ಬೇಡ, ಆಯುರ್ವೇದ ಸಾಕು' ಎನ್ನುವವರು ಒಂದೆರಡು ಸಂಗತಿ ತಿಳಿಯಬೇಕು. ಶಂಖ ಭಸ್ಮ, ಕವಡೆಯ ಭಸ್ಮ, ಹವಳ, ಮುತ್ತು ಇವೆಲ್ಲ ಜೀವಿಗಳಿಂದ ಬಂದವು. ಕಸ್ತೂರಿ, ಗೋರೋಚನಗಳ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಚ್ಯವನಪ್ರಾಶದಂಥ ಲೇಹ್ಯಗಳಲ್ಲಿ ಜೇನುತುಪ್ಪ ಇರುತ್ತದೆ. ಮದ್ಯ, ಮಾಂಸ, ಮಧು ತ್ಯಾಗ ಶ್ರಾವಕನ ಅಷ್ಟ ಮೂಲಗುಣಗಳಲ್ಲಿ ಸೇರಿದ್ದು. ಆಸವ, ಅರಿಷ್ಟಗಳು ಹುದುಗಿ ತಯಾರಾಗುವುದರಿಂದ ಅವುಗಳಲ್ಲಿ ತಾನಾಗಿ ಉಂಟಾದ ಆಲ್ಕೋಹಾಲ್ ಇರುತ್ತದೆ. ಮೂಲಿಕೆಯ ಪುಡಿಯನ್ನೇ ಜೆಲಟಿನ್ ಕ್ಯಾಪ್ಸೂಲಿಗೆ ತುಂಬಿ ಮಾರುವುದೂ ನಡೆದಿದೆ. ಒಂದು ಅನುಕೂಲವೆಂದರೆ, ಆಯುರ್ವೇದ ಔಷಧದ ಲೇಬಲ್ಲಿನಲ್ಲಿ ಬಳಸಿದ ಎಲ್ಲ ದ್ರವ್ಯಗಳ ಪಟ್ಟಿ ಇರಬೇಕೆಂಬ ನಿಯಮವಿದೆ. ಓದುವ ತಾಳ್ಮೆ ಬೇಕು ಅಷ್ಟೆ.

ನಮ್ಮ ಪೂರ್ವಾಚಾರ್ಯರು ಈ ಪ್ರಶ್ನೆಯನ್ನು ಸಾವಿರ ವರ್ಷಕ್ಕೂ ಹಿಂದೆಯೇ ಎದುರಿಸಿದ್ದರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಎಂಬ ವೈದ್ಯ ಗ್ರಂಥ ರಚಿಸಿದರು. ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯ ಎಂಬುದು ಅದರ ನಿಲುವು. ಮಾಂಸ ಔಷಧಕ್ಕೆ ಅಗತ್ಯವಲ್ಲ ಎಂದು ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ವಾದಿಸಿದ ಭಾಗವೂ ಗ್ರಂಥದ ಕೊನೆಗಿದೆ. ಪೂಜ್ಯಪಾದರ ವೈದ್ಯ ಗ್ರಂಥವನ್ನು ಅನುಸರಿಸಿ ಜಗದ್ದಳ ಸೋಮನಾಥ 12ನೇ ಶತಮಾನದಲ್ಲಿ ಕನ್ನಡದಲ್ಲೇ 'ಕರ್ಣಾಟಕ ಕಲ್ಯಾಣಕಾರಕ' ಬರೆದ. ರೋಗಿಯನ್ನು ಚಿಕಿತ್ಸೆಯಿಲ್ಲದೆ ಬಿಡಿ ಎಂದು ಈ ಪರಂಪರೆ ಹೇಳಲಿಲ್ಲ, ಹಿಂಸೆಯಿಲ್ಲದ ಬದಲಿ ಔಷಧ ಹುಡುಕಿತು. ಆಹಾರ, ಶಾಸ್ತ್ರ, ಅಭಯಗಳ ಜೊತೆ ಔಷಧವನ್ನೂ ದಾನವೆಂದು ಎಣಿಸಿದ ಸಮಾಜ ನಮ್ಮದು.

ಮನೆಯಲ್ಲಿ ಆಗುವ ತಪ್ಪುಗಳು

ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಪುಡಿಯನ್ನು ಚಮಚೆಯಲ್ಲಿ ಕಲಸಿ ಕುಡಿದು, ಹೊದಿಕೆ ಎಸೆಯುವ ಪದ್ಧತಿ ಹಲವು ಮನೆಗಳಲ್ಲಿದೆ. ಮೇಲ್ನೋಟಕ್ಕೆ ಇದು ಜಾಣ ಉಪಾಯ. ಆದರೆ ಒಮೆಪ್ರಝೋಲ್‌ನ ಸಣ್ಣ ಗುಳಿಗೆಗಳಿಗೆ ಹೊಟ್ಟೆಯ ಆಮ್ಲ ತಾಗದಂತೆ ಬೇರೆಯೇ ಲೇಪನವಿರುತ್ತದೆ. ಅವನ್ನು ಜಗಿದರೆ ಅಥವಾ ಅರೆದರೆ ಔಷಧ ಹೊಟ್ಟೆಯಲ್ಲೇ ಹಾಳಾಗುತ್ತದೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಬೇಕಾದ್ದು. ಗುಳಿಗೆಗಳನ್ನು ಪುಡಿ ಮಾಡಿ ನುಂಗಿದರೆ ಔಷಧವೆಲ್ಲ ಒಟ್ಟಿಗೆ ದೇಹ ಸೇರಿ ರಕ್ತದೊತ್ತಡ ಕುಸಿದು ತಲೆಸುತ್ತಿ ಬೀಳಬಹುದು. ಕೆಲವು ಕ್ಯಾಪ್ಸೂಲ್‌ಗಳನ್ನು ಬಿಚ್ಚಿ ಕೊಡಬಹುದು, ಕೆಲವನ್ನು ಬಿಚ್ಚಲೇಬಾರದು. ಯಾವುದು ಎಂದು ಹೇಳಬೇಕಾದವರು ವೈದ್ಯರು ಅಥವಾ ಫಾರ್ಮಸಿಸ್ಟ್.

ರಾತ್ರಿ ಭೋಜನ ತ್ಯಾಗದವರು ರಾತ್ರಿಯ ಡೋಸನ್ನು ತಾವೇ ಸಂಜೆಗೆ ತಳ್ಳುವುದು ಇಲ್ಲವೇ ಬಿಡುವುದು ಇನ್ನೊಂದು ತಪ್ಪು. ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಮಾತ್ರ ಸೇವಿಸುತ್ತೇನೆ ಎಂದು ಮೊದಲ ಭೇಟಿಯಲ್ಲೇ ಹೇಳಿದರೆ, ದಿನಕ್ಕೊಂದು ಅಥವಾ ಎರಡು ಬಾರಿ ಸಾಕಾಗುವ ಔಷಧವನ್ನು ವೈದ್ಯರು ಆರಿಸಿಕೊಡುವುದು ಬಹಳ ಸಲ ಸಾಧ್ಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿಯುವ ಮುನ್ನ ಡೋಸಿನ ಬಗ್ಗೆ ಕೇಳದೇ ಇರಬಾರದು.

ಚಾತುರ್ಮಾಸದಲ್ಲಿ ಮುನಿಗಳಿಗೆ, ಆರ್ಯಿಕೆಯರಿಗೆ ಆಹಾರ ನೀಡುವ ಕುಟುಂಬಗಳ ಮೇಲೆ ಹೊಣೆ ಇನ್ನೂ ಹೆಚ್ಚು. ದಿನಕ್ಕೊಮ್ಮೆ ಆಹಾರ ಸ್ವೀಕರಿಸುವ ಹೊತ್ತಿನಲ್ಲೇ ಔಷಧವೂ ಸೇರಬೇಕು. ಅದರ ಮೂಲವನ್ನು ಆ ಕ್ಷಣದಲ್ಲಿ ವಿಚಾರಿಸಲು ಆಗುವುದಿಲ್ಲ. ಚಾತುರ್ಮಾಸ ಸಮಿತಿಯವರು ಊರಿನ ಒಬ್ಬ ವೈದ್ಯರು, ಒಬ್ಬ ಫಾರ್ಮಸಿಸ್ಟ್ ಜೊತೆ ಮೊದಲೇ ಕೂತು, ಸಾಮಾನ್ಯ ಕಾಯಿಲೆಗಳಿಗೆ ಯಾವ ಔಷಧ, ಯಾವ ರೂಪದಲ್ಲಿ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಯಾರನ್ನು ಕೇಳುವುದು, ಏನೆಂದು ಕೇಳುವುದು

ಮೊದಲು ವೈದ್ಯರನ್ನು, ಅದೂ ಚೀಟಿ ಬರೆಯುವ ಮುನ್ನ. 'ನಾವು ಜೈನರು, ಜೆಲಟಿನ್ ಕ್ಯಾಪ್ಸೂಲ್ ತೆಗೆದುಕೊಳ್ಳುವುದಿಲ್ಲ. ಮಾತ್ರೆ, ಸಿರಪ್ ಅಥವಾ ವೆಜ್ ಕ್ಯಾಪ್ಸೂಲ್ ಆಗಬಹುದೇ?' ಎಂದರೆ ಸಾಕು. ಚೀಟಿ ಬರೆದಾದ ಮೇಲೆ ಅಂಗಡಿಯಲ್ಲಿ ಬದಲಿಸಿ ಕೊಡಿ ಎಂದು ಒತ್ತಾಯಿಸಬಾರದು. ವೈದ್ಯರ ಒಪ್ಪಿಗೆಯಿಲ್ಲದೆ ಚೀಟಿಯ ಔಷಧದ ಬದಲು ಬೇರೆ ಕೊಡಲು ಔಷಧ ನಿಯಮದ 65ನೇ ನಿಯಮ ಅಂಗಡಿಯವರಿಗೆ ಅವಕಾಶ ಕೊಡುವುದಿಲ್ಲ.

ಕಾಯಂ ತೆಗೆದುಕೊಳ್ಳುವ ಔಷಧವಾದರೆ ತಯಾರಕರಿಗೇ ಬರೆಯಿರಿ. ವಿಳಾಸ ಲೇಬಲ್ಲಿನ ಮೇಲಿದೆ, ದೊಡ್ಡ ಕಂಪನಿಗಳು ಮಿಂಚಂಚೆಗೂ ಉತ್ತರಿಸುತ್ತವೆ. 'ಇದು ಸಸ್ಯಾಹಾರಿಯೇ?' ಎಂದು ಒಟ್ಟಾಗಿ ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ಹೊದಿಕೆ ಯಾವುದರದು, ಸ್ಟಿಯರೇಟ್‌ನ ಮೂಲ ಯಾವುದು, ಲೇಪನದಲ್ಲಿ ಅರಗು ಅಥವಾ ಕೀಟದ ಬಣ್ಣ ಇದೆಯೇ ಎಂದು ಬಿಡಿಬಿಡಿಯಾಗಿ ಕೇಳಬೇಕು. ಬಂದ ಉತ್ತರವನ್ನು ಔಷಧದ ಹೆಸರು, ಶಕ್ತಿ, ದಿನಾಂಕದೊಡನೆ ಕಾದಿರಿಸಿ. ಕಂಪನಿಗಳು ಪದಾರ್ಥದ ಮೂಲ ಬದಲಿಸುವುದುಂಟು, ವರ್ಷಕ್ಕೊಮ್ಮೆ ಮತ್ತೆ ಕೇಳಬೇಕಾಗುತ್ತದೆ.

2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್ ಕೋಡ್ ಕಡ್ಡಾಯವಾಗಿದೆ. ಮೊಬೈಲ್ ಹಿಡಿದು ಔಷಧ ಅಸಲಿಯೇ ಎಂದು ನೋಡಲು ಅದು ಉಪಯುಕ್ತ. ಆದರೆ ಅದನ್ನು ಜಾರಿಗೆ ತಂದ 2022ರ ಅಧಿಸೂಚನೆಯ ಪಟ್ಟಿಯಲ್ಲಿ ಹೆಸರು, ಬ್ಯಾಚ್, ದಿನಾಂಕ, ಪರವಾನಗಿ ಮುಂತಾದ ವಿವರಗಳಿದ್ದವೇ ಹೊರತು ಹೊದಿಕೆಯ ಮೂಲ ಇರಲಿಲ್ಲ.

ವಿಟಮಿನ್, ಪ್ರೋಟೀನ್ ಪುಡಿ, ಒಮೇಗಾ ಮುಂತಾದ ಪೂರಕಗಳ ವಿಷಯದಲ್ಲಿ ಒಂದು ಸುಲಭ ದಾರಿಯಿದೆ. ಇವು ಔಷಧ ಪರವಾನಗಿಯಡಿಯೂ ಬರುತ್ತವೆ, ಎಫ್‌ಎಸ್‌ಎಸ್‌ಎಐ ಪರವಾನಗಿಯಡಿಯೂ ಬರುತ್ತವೆ. ಎರಡನೆಯ ಬಗೆಯದಾದರೆ ಅದು ಕಾನೂನಿನ ಕಣ್ಣಲ್ಲಿ ಆಹಾರ, ಆದ್ದರಿಂದ ಹಸಿರು ಅಥವಾ ಕಂದು ಗುರುತು ಇರಲೇಬೇಕು. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದೂ ಗುರುತು ಇಲ್ಲದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು.

ಸರ್ಕಾರಿ ಆಸ್ಪತ್ರೆಯ ಉಚಿತ ಔಷಧ ಟೆಂಡರ್ ಮೂಲಕ ಬರುವುದರಿಂದ ಬ್ರಾಂಡ್ ಆಯ್ಕೆ ಅಲ್ಲಿ ಇರುವುದಿಲ್ಲ. ಕ್ಯಾಪ್ಸೂಲ್ ಬದಲು ಮಾತ್ರೆ ದಾಸ್ತಾನಿನಲ್ಲಿದೆಯೇ ಎಂದು ಕೇಳಬಹುದು, ಇಲ್ಲದಿದ್ದರೆ ಜನೌಷಧಿ ಕೇಂದ್ರದಲ್ಲಿ ಅದೇ ಜೆನೆರಿಕ್ ಹೆಸರಿನ ಮಾತ್ರೆ ಕಡಿಮೆ ಬೆಲೆಗೆ ಸಿಗಬಹುದು. ಜನೌಷಧಿಯ ಔಷಧಗಳಿಗೂ ಹಸಿರು ಗುರುತಿನ ನಿಯಮವಿಲ್ಲ ಎಂಬುದು ನೆನಪಿರಲಿ. ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯಲ್ಲಿ ರೋಗಿಗಳ ಸನ್ನದು ಸೇರಿದೆ. ಚಿಕಿತ್ಸೆಯ ಬಗ್ಗೆ ಮಾಹಿತಿ ಕೇಳುವುದು, ತಿಳಿದು ಒಪ್ಪಿಗೆ ಕೊಡುವುದು ರೋಗಿಯ ಹಕ್ಕು. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ಪ್ರಾಣಿ ಅಂಗಾಂಶದ ವಸ್ತುಗಳನ್ನು ಬಳಸುವುದಾದರೆ ತಿಳಿಸಿ ಎಂದು ಅದರಲ್ಲೇ ಒಂದು ಸಾಲು ಬರೆಸಬಹುದು.

ಸಮಾಜದ ಬೇಡಿಕೆ ಏನಿರಬೇಕು?

ಎಲ್ಲ ಕ್ಯಾಪ್ಸೂಲ್‌ಗಳನ್ನೂ ಸಸ್ಯಮೂಲಕ್ಕೆ ಬದಲಿಸಿ ಎಂಬ ಬೇಡಿಕೆ ಕೇಳಲು ಚೆನ್ನ, ಆದರೆ ಅದರ ಖರ್ಚು ಜೈನರಲ್ಲದ ಬಡ ರೋಗಿಯ ಮೇಲೂ ಬೀಳುತ್ತದೆ. ಅದಕ್ಕಿಂತ ಸಾಧ್ಯವಾದದ್ದನ್ನು ಕೇಳುವುದು ಮೇಲು: ಔಷಧದಲ್ಲಿ ಬಳಸಿದ ಸಹಾಯಕ ಪದಾರ್ಥಗಳ ಹೆಸರು ಮತ್ತು ಮೂಲವನ್ನು ಕಂಪನಿಗಳು ಜಾಲತಾಣದಲ್ಲಾದರೂ ಪ್ರಕಟಿಸಬೇಕು, ಪೂರಕ ಮತ್ತು ಟಾನಿಕ್‌ಗಳು ಔಷಧ ಪರವಾನಗಿಯಡಿ ಬಂದರೂ ಗುರುತು ಹೊಂದಿರಬೇಕು. ಜೀವರಕ್ಷಕ ಔಷಧಗಳನ್ನು ಗುರುತಿನಿಂದ ಹೊರಗಿಡುವ 2002ರ ಮಾದರಿಯನ್ನು ನಾವೇ ಒಪ್ಪಿ ಹೇಳಿದರೆ, ಗುರುತು ನೋಡಿ ರೋಗಿ ಔಷಧ ಬಿಟ್ಟುಬಿಟ್ಟಾನು ಎಂಬ ಆತಂಕಕ್ಕೂ ಉತ್ತರ ಸಿಕ್ಕಂತೆ. ಈ ವಿಷಯದ ಸದ್ಯದ ಸ್ಥಿತಿ ತಿಳಿಯಲು ಮಾಹಿತಿ ಹಕ್ಕಿನಡಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗೆ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಆನ್‌ಲೈನ್‌ನಲ್ಲೂ ಸಲ್ಲಿಸಲು ಅವಕಾಶವಿದೆ.